ಹತ್ತಿರದ ಬಾಗಿಲು ತೋರಿಸುವ ಸಂಘಮಿತ್ರ

ಹುಣಸೂರಿನ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸಿನ ಕಂಡಕ್ಟರ್ ಇನ್ನೂ ಬಾಯಿ ಬಿಟ್ಟಿಲ್ಲ. ಎದುರಿನ ಕಟ್ಟಡದ ಮಹಡಿಯಲ್ಲಿ ಸಂಘಮಿತ್ರ ಆಗಲೇ ಚಪ್ಪಲಿ ಹೊರಗೆ ಕಳಚಿ, ಸ್ವೆಟರ್ ಏರಿಸಿ, ರೂಟರ್‌ಗಳ ಕೋಣೆಯಲ್ಲಿ ಕೂತಾಗಿದೆ. ಹೊರಗೆ ಹಿತವಾದ ಚಳಿ, ಒಳಗೆ ಎ.ಸಿ.ಯ ಕೊರೆಯುವ ಚಳಿ. “ಈ ಪೆಟ್ಟಿಗೆಗಳಿಗೆ ಸೆಕೆ ಆಗ್ಬಾರ್ದು ಕಣ್ರೀ, ನಮ್ಗೆ ನೆಗಡಿ ಆದ್ರೆ ಆಗ್ಲಿ ಬುಡಿ” ಎಂದು ನಗುತ್ತಾ ಲ್ಯಾಪ್‌ಟಾಪ್ ತೆರೆಯುತ್ತಾರೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸುಮಾರು ಆರು ಸಾವಿರ ಮನೆಗಳಿಗೆ ಇಂಟರ್‌ನೆಟ್ ಹರಿಸುವ ಒಂದು ಪುಟ್ಟ ಕೇಬಲ್ ಸಂಸ್ಥೆಯ ತಂತ್ರಜ್ಞೆ ಇವರು. ನೆಟ್ ನಿಂತಾಗ ಎಲ್ಲರಿಗೂ ನೆನಪಾಗುತ್ತಾರೆ, ಓಡುವಾಗ ಯಾರಿಗೂ ನೆನಪಾಗುವುದಿಲ್ಲ. ಜೆಸಿಬಿ ತಂತಿ ಕಿತ್ತರೂ ಇವರದೇ ತಪ್ಪು, ಇಲಿ ಕಡಿದರೂ ಇವರದೇ ತಪ್ಪು. “ಕೋಟೆ ಕಡೆ ಆನೆ ಬಂದು ನಮ್ ಕಂಬಕ್ಕೆ ಬೆನ್ನುಜ್ಕೊಂಡು ಓಯ್ತದೆ. ಅದರ ಮೇಲೆ ಯಾರಿಗೆ ಕಂಪ್ಲೇಂಟ್ ಕೊಡನ?”

ಇವತ್ತಿನ ಅವಸರಕ್ಕೆ ಕಾರಣ ಬೈಲಕುಪ್ಪೆ ಪಕ್ಕದ ಹಳ್ಳಿಯ ಬೃಂದಾ. ಬೃಂದಾಗೂ, ಎಚ್.ಡಿ. ಕೋಟೆ ಕಡೆಯ ಹಳ್ಳಿಯಲ್ಲಿರುವ ಅವರ ತಾಯಿ ಚಿಕ್ಕಬೀರಮ್ಮನಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಅವರ ಮಾತೆಲ್ಲ ಕೈಯಲ್ಲೇ. ಬೃಂದಾಗೆ ಈಗ ಏಳು ತಿಂಗಳು. ಚೊಚ್ಚಲ ಬಸಿರಿಯ ನೂರು ಅನುಮಾನಗಳಿಗೆ ತಾಯಿ ದಿನಾ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಉತ್ತರ ಹೇಳಬೇಕು. ಹೇಳಲು ಹೊರಟರೆ ಚಿತ್ರವೇ ಕಲ್ಲಾಗುತ್ತದೆ. ಹೋದ ವಾರ ಬೃಂದಾಳ ಗಂಡ ಕನಕರಾಜು ಕಚೇರಿಗೇ ಬಂದಿದ್ದರು. “ನಮ್ಮತ್ತೆ ಕೈ ಅರ್ಧಕ್ಕೇ ನಿಂತೋಯ್ತದೆ ಮೇಡಂ. ನೀವಾದ್ರೆ ಅಲೋ, ಅಲೋ, ಕೇಳ್ತದಾ ಅಂತೀರಿ. ಇವ್ಳೇನನ್ಬೇಕು?” ಎಂದು ಅವರು ಕೇಳಿದ ಮಾತು ಸಂಘಮಿತ್ರರ ಎದೆಗೆ ನಾಟಿದೆ.

ತೊಂದರೆ ತಂತಿಯದಲ್ಲ, ಲೆಕ್ಕದ್ದು. ಸಂಸ್ಥೆಗೆ ಹೊರಜಗತ್ತಿನತ್ತ ಎರಡು ಬಾಗಿಲು: ಕೆ.ಆರ್. ನಗರದಲ್ಲೊಂದು ಅಗಲವಾದದ್ದು, ಪಿರಿಯಾಪಟ್ಟಣದಲ್ಲೊಂದು ಕಿರಿದು. ಒಳಗಿನ ರೂಟರ್‌ಗಳು ಒಎಸ್‌ಪಿಎಫ್ ಎಂಬ ಕಟ್ಟಳೆಯಂತೆ ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುತ್ತವೆ. ಹೊರಗಿನ ದಾರಿಯನ್ನು ಒಳಗೆ ಸಾರುವಾಗ ಪ್ರತಿ ಬಾಗಿಲೂ ಅದಕ್ಕೊಂದು ಅಂಕಿ ಹಚ್ಚುತ್ತದೆ. ಅಂಕಿ ಕಡಿಮೆಯಿದ್ದಷ್ಟೂ ದಾರಿ ಒಳ್ಳೆಯದು. ‘ಇ-ಟೂ’ ಎಂಬ ಬಗೆಯಲ್ಲಿ ಸಾರಿದರೆ ರೂಟರ್ ಆ ಅಂಕಿಯನ್ನಷ್ಟೇ ನೋಡುತ್ತದೆ, ತನ್ನಿಂದ ಬಾಗಿಲವರೆಗಿನ ನಡಿಗೆಯನ್ನು ಕೂಡಿಸುವುದಿಲ್ಲ. ಕೆ.ಆರ್. ನಗರದ ಅಂಕಿ ಕಡಿಮೆ. ಹಾಗಾಗಿ ನಾಲ್ಕೂ ತಾಲ್ಲೂಕು ಅಲ್ಲಿಗೇ ನುಗ್ಗುತ್ತವೆ, ಆ ನೂಕುನುಗ್ಗಲಲ್ಲಿ ಬೃಂದಾಳ ಚಿತ್ರ ನಿಂತುಹೋಗುತ್ತದೆ. ಇತ್ತ ಪಿರಿಯಾಪಟ್ಟಣದ ಬಾಗಿಲಲ್ಲಿ ನೊಣ ಹಾರುತ್ತಿದೆ.

“ಕೆ.ಆರ್. ನಗರದಿಂದ ಮೈಸೂರು ಅತ್ರ ಅಲ್ವಾ? ಅಂತ ಬೈಲಕುಪ್ಪೆಯವ್ರು ಕೆ.ಆರ್. ನಗರಕ್ಕೋಗಿ ಮೈಸೂರು ಬಸ್ ಅತ್ತುದ್ರೆ ಎಂಗಿರ್ತದೆ? ಅಂಗಾಗ್ಯದೆ ನಮ್ ಕತೆ!” ಎನ್ನುತ್ತಾರೆ ಸಂಘಮಿತ್ರ. ಎರಡೂ ಬಾಗಿಲಿಗೆ ಸಮ ಅಂಕಿ ಹಾಕಿದರೆ ರೂಟರ್‌ಗಳು ಹತ್ತಿರದ್ದನ್ನು ಹಿಡಿಯುತ್ತವೆ ನಿಜ. ಆದರೆ ಕೆ.ಆರ್. ನಗರದ್ದು ಅಗಲ ಎಂಬುದು ಆಗ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ‘ಇ-ಒನ್’ ಬೇಕು. ಅದು ಬಾಗಿಲ ಅಂಕಿಗೆ ಒಳಗಿನ ನಡಿಗೆಯನ್ನೂ ಕೂಡಿಸಿ ನೋಡುತ್ತದೆ.

ಸಂಘಮಿತ್ರ ಪಿರಿಯಾಪಟ್ಟಣದ ರೂಟರನ್ನು ಇ-ಒನ್‌ಗೆ ಬದಲಾಯಿಸುತ್ತಾರೆ. ಮುಂದಿನದು ಕೆ.ಆರ್. ನಗರ. ಅಷ್ಟರಲ್ಲಿ ಫೋನು ರಿಂಗಾಗುತ್ತದೆ, ಕೈ ತಾನಾಗಿ ಅತ್ತ ಹೋಗುತ್ತದೆ. ಡಿಪ್ಲೊಮಾ ಮುಗಿಸಿ ಇಲ್ಲಿಗೆ ಸೇರಿದಾಗ ಇವರಿಗೆ ಸಿಕ್ಕಿದ್ದು ದೂರು ಕೇಳುವ ಫೋನಿನ ಕುರ್ಚಿ. ಮೂರನೇ ರಿಂಗಿಗೆ ಮುಂಚೆ ಎತ್ತಬೇಕೆಂಬುದು ಅಲ್ಲಿಯ ಪಾಠ. ಕಂಬ ಹತ್ತುವುದನ್ನು ಹಟ ಹಿಡಿದು ಕಲಿತರು, ರೂಟರ್ ವಿದ್ಯೆ ಆಮೇಲೆ ಬಂತು. ಆ ಫೋನಿನ ಚಾಳಿ ಮಾತ್ರ ಬಿಟ್ಟಿಲ್ಲ.

ಕರೆ ಮಾಡಿದವರು ಕಟ್ಟೆಮಳಲವಾಡಿಯಿಂದ ಸಂಘಮಿತ್ರರ ತಾಯಿ ಚಿಕ್ಕಸಿದ್ದಮ್ಮ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿಯಲ್ಲೇ ಮಗಳನ್ನು ಓದಿಸಿದವರು. “ಏನಾರಾ ತಿಂದ್ಯಾ ಮಗಾ? ಡಬ್ಬಿ ಇಲ್ಲೇ ಮರ್ತೋಗಿದ್ದೀಯಲ್ಲ!” ಮರೆತ ಡಬ್ಬಿಯಿಂದ ಶುರುವಾದ ಮಾತು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಗೆ ಬಂದು, ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದಕ್ಕೆ ಹೊರಳುತ್ತದೆ. ಅವ್ವನ ಮಾತನ್ನು ಯಾವ ಮಗಳು ಅರ್ಧಕ್ಕೆ ಕತ್ತರಿಸಿದ್ದಾಳೆ?

ಫೋನಿಟ್ಟದ್ದೇ ತಡ, ಇನ್ನೊಂದು ಕರೆ. ಚುಂಚನಕಟ್ಟೆಯಲ್ಲಿ ಟೀ ಅಂಗಡಿ ಇಟ್ಟಿರುವ ಸಣ್ಣಯ್ಯ. “ಏನವ್ವಾ, ನಿನ್ ನೆಟ್ಟು ಇನ್ನೂ ಎದ್ದಿಲ್ವಾ? ನನ್ ಭಜನೆ ಒಂದೇ ಸಾಲ್ಗೆ ಗಂಟ್ ಬಿದ್ದದೆ!” ಇನ್ನೊಂದು ಕರೆ, ಮತ್ತೊಂದು ಕರೆ. ಸಂಘಮಿತ್ರ ಹಣೆ ಚಚ್ಚಿಕೊಳ್ಳುತ್ತಾರೆ: ಕೆ.ಆರ್. ನಗರ ಇನ್ನೂ ಇ-ಟೂನಲ್ಲೇ ಇದೆ. ಹೊರಗಿನ ಒಂದೇ ಗುರಿಗೆ ಇ-ಒನ್ ದಾರಿಯೂ ಇ-ಟೂ ದಾರಿಯೂ ಇದ್ದರೆ ರೂಟರ್ ಅಂಕಿಯ ತಂಟೆಗೇ ಹೋಗದೆ ಇ-ಒನ್ ಹಿಂದೆ ಹೊರಡುತ್ತದೆ. ಕೆ.ಆರ್. ನಗರದ ಮಗ್ಗುಲಲ್ಲಿರುವ ಚುಂಚನಕಟ್ಟೆಯೂ ಈಗ ಪಿರಿಯಾಪಟ್ಟಣದ ಕಿರುಬಾಗಿಲಲ್ಲಿ ನುಸುಳಲು ಗುದ್ದಾಡುತ್ತಿದೆ. ಬೃಂದಾ ಕರೆ ಮಾಡುವ ಹೊತ್ತೂ ಇದೇ.

ಸಂಸ್ಥೆಯ ಯಜಮಾನ ರೇಣುಕಾಪ್ರಸಾದ್ ಕೋಣೆಯ ಬಾಗಿಲಲ್ಲಿ ನಿಂತು ನಗುತ್ತಾರೆ. “ಒಂದೆತ್ತಿಗೆ ನೊಗ ಊಡಿ, ಇನ್ನೊಂದ್ನ ಕೊಟ್ಟಿಗೇಲೇ ಬುಟ್ಟು ಬಂದ್ಯೇನವ್ವಾ? ಊಂ, ಅದ್ನೂ ಕಟ್ಟು.”

ಸಂಘಮಿತ್ರ ಕೆ.ಆರ್. ನಗರವನ್ನೂ ಇ-ಒನ್ ಮಾಡುತ್ತಾರೆ. ಈ ಸಲ ಫೋನು ಹೊಡೆದುಕೊಂಡರೂ ಎತ್ತುವುದಿಲ್ಲ. ಪರದೆಯ ಮೇಲೆ ದಾರಿಗಳು ಒಂದೊಂದಾಗಿ ಮನೆ ಸೇರುತ್ತವೆ. ಬೈಲಕುಪ್ಪೆ ಪಿರಿಯಾಪಟ್ಟಣದ ಬಾಗಿಲು ಹಿಡಿಯುತ್ತದೆ. ಚುಂಚನಕಟ್ಟೆ, ಹುಣಸೂರು, ಕೋಟೆ ಕೆ.ಆರ್. ನಗರಕ್ಕೆ ಮರಳುತ್ತವೆ. ಎರಡೂ ಬಾಗಿಲಲ್ಲಿ ಉಸಿರಾಡಲು ಜಾಗ. ಸಣ್ಣಯ್ಯನ ಭಜನೆಯೂ ಮುಂದಿನ ಸಾಲಿಗೆ ಹೋಗಿರಬೇಕು, ಅವರ ಕರೆ ಮತ್ತೆ ಬರುವುದಿಲ್ಲ.

ಆಗ ಬರುತ್ತದೆ ಬೃಂದಾಳ ವಿಡಿಯೋ ಕರೆ. ಅಭ್ಯಾಸಬಲದಿಂದ “ಹೇಳಿ, ಏನ್ ತೊಂದ್ರೆ?” ಎಂದ ಸಂಘಮಿತ್ರ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಪರದೆಯ ಒಂದು ಪಾಲಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಬೃಂದಾ, ಪಕ್ಕದಲ್ಲಿ ಹಲ್ಲೆಲ್ಲ ಕಾಣುವಂತೆ ನಗುವ ಕನಕರಾಜು. ಇನ್ನೊಂದು ಪಾಲಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಚಿಕ್ಕಬೀರಮ್ಮ. ಅಜ್ಜಿಯಾಗಲಿರುವ ಆ ತಾಯಿ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬೇರಿಸುತ್ತಾರೆ. ತಿಂದ್ಯಾ? ಇದನ್ನು ಕನಕರಾಜು ಬಿಡಿಸಿ ಹೇಳಬೇಕಿಲ್ಲ. ಸಂಘಮಿತ್ರ ಇಲ್ಲವೆಂದು ತಲೆಯಾಡಿಸುತ್ತಾರೆ. ತಗೋ, ಚಿಕ್ಕಬೀರಮ್ಮನ ಎರಡೂ ಕೈ ಎದ್ದವು! ತೋಳು, ಮಣಿಕಟ್ಟು, ಬೆರಳು, ಬಳೆ ಎಲ್ಲವೂ ಒಟ್ಟಿಗೆ ಬೈಯುತ್ತವೆ. ಬೃಂದಾ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಕರೆ ಮುಗಿದಾಗ ಸಂಘಮಿತ್ರರ ಕಣ್ಣು ತುಂಬಿದೆ, ಮುಖ ಅರಳಿದೆ. ಈ ಕೈಮಾತನ್ನು ಬೃಂದಾಳಿಂದಲೇ ಕಲಿಯಬೇಕು, ಕೂಸು ಹುಟ್ಟುವ ಹೊತ್ತಿಗೆ ನಾಲ್ಕು ಮಾತಾದರೂ ಬರಬೇಕು ಎಂಬುದೊಂದೇ ಈಗ ಅವರ ಆಸೆ. ಡಬ್ಬಿಯಂತೂ ಊರಲ್ಲೇ ಉಳಿಯಿತು, ಎದುರಿನ ಹೋಟೆಲಿಗೆ ಇಳಿಯಲು ಚಪ್ಪಲಿ ಮೆಟ್ಟುತ್ತಾ ಹೇಳುತ್ತಾರೆ:

“ನಮ್ಮವ್ವನೂ ಇಷ್ಟು ಬೈದಿರ್ಲಿಲ್ಲ ಕಣ್ರೀ. ಆದ್ರೆ ನೋಡುದ್ರಾ, ಆ ಬೈಗುಳ ಒಂದ್ ಕಡೇನೂ ನಿಲ್ಲಲಿಲ್ಲ!”