ದೂಮಣ್ಣ ಶೆಟ್ಟರ ಮೂಗು

ದೂಮಣ್ಣ ಶೆಟ್ಟರಿಗಿಂತ ಮೊದಲು ಅವರ ಮೂಗು ಬಾಗಿಲು ದಾಟುತ್ತಿತ್ತು. ಉದ್ದನೆಯ ಮೂಗು, ತುದಿಯಲ್ಲಿ ತುಸು ಬಾಗು, ಎರಡೂ ಹೊಳ್ಳೆಗಳ ಅಂಚಿಗೆ ನಶ್ಯದ ಕಂದು ಗೆರೆ. ಅಷ್ಟು ದೊಡ್ಡ ಮೂಗನ್ನು ದೇವರು ಅವರಿಗೆ ಬರೀ ಅಲಂಕಾರಕ್ಕೆ ಕೊಟ್ಟದ್ದು ಎಂದು ಮೊದಲು ಕಂಡುಹಿಡಿದವನು ನಾನು. ಈ ಸಂಶೋಧನೆಗೆ ಯಾವ ಯುನಿವರ್ಸಿಟಿಯೂ ನನಗೆ ಪದವಿ ಕೊಡಲಿಲ್ಲ. ಇರಲಿ, ನಾನು ದೊಡ್ಡ ಮನಸ್ಸಿನವನು.

ಕಂಡುಹಿಡಿದದ್ದು ಹೀಗೆ. ಮಂಗಳೂರಿನ ಕೊಟ್ಟಾರದಲ್ಲಿ ನಮ್ಮ ಅಪ್ಪನ ಹೋಟೆಲು. ಅಲ್ಲಿಂದ ಒಂದು ಹಿಡಿ ಕಾಫಿ ಹುಡಿಯನ್ನು ನುಣ್ಣಗೆ ಅರೆದು ತಂದೆ. ಫಿಸಿಕ್ಸ್ ಲ್ಯಾಬಿನ ಮೇಜಿನ ಮೇಲಿದ್ದ ಶೆಟ್ಟರ ಡಬ್ಬಿಯ ನಶ್ಯವನ್ನು ಚೆಲ್ಲಿ, ಕಾಫಿ ಹುಡಿ ತುಂಬಿಸಿಟ್ಟೆ. ಶೆಟ್ಟರು ಬಂದರು, ಎರಡು ಬೆರಳಲ್ಲಿ ಎತ್ತಿದರು, ಕಣ್ಣು ಮುಚ್ಚಿ ಎಳೆದರು. ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದೇವೆ.

"ಈ ಸಲದ್ದು ಬಲ ಸಾಲದು ಮಾರಾಯ," ಎಂದರು. "ಅಂಗಡಿಯವನು ಎಂತದೋ ಕಲಬೆರಕೆ ಮಾಡಿದ್ದಾನೆ."

ಕಾಫಿಯ ಪರಿಮಳ ಇಡೀ ಕೋಣೆಗೆ ಹಬ್ಬಿತ್ತು. ಅವರ ಮೂಗಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ವರ್ಷಗಟ್ಟಲೆಯ ನಶ್ಯ ಒಳಗಿನದ್ದನ್ನೆಲ್ಲ ಸುಟ್ಟು ಹಾಕಿತ್ತು. ಅವರಿಗೆ ಮಲ್ಲಿಗೆಯೂ ಒಂದೇ, ಒಣಮೀನೂ ಒಂದೇ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಆ ಮನುಷ್ಯ ಕೆಮಿಸ್ಟ್ರಿ ಓದಲು ಹೊರಡದಿದ್ದರೆ.

ಶೆಟ್ಟರು ನಮ್ಮ ಕಾಲೇಜಿನಲ್ಲಿ ಫಿಸಿಕ್ಸಿನ ಡೆಮಾನ್‌ಸ್ಟ್ರೇಟರ್. ಪಾಠ ಹೇಳುವವರು ಲೆಕ್ಚರರುಗಳು. ಲ್ಯಾಬಿನಲ್ಲಿ ನಮ್ಮ ಬೆನ್ನ ಹಿಂದೆ ನಿಂತು ಪ್ರಯೋಗ ಮಾಡಿಸುವವರು ಇವರು. ಇವರಿಂದ ಕಲಿತ ಹುಡುಗರು ಲೆಕ್ಚರರಾಗಿ ಮರಳಿ ಬಂದು ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಡೆಮಾನ್‌ಸ್ಟ್ರೇಟರಿಗೆ ಆ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಏನಾದರೂ ಕೇಳಬೇಕಾದರೆ ಹೊಸ್ತಿಲಲ್ಲಿ ನಿಂತು ಕೇಳಬೇಕು. ಶೆಟ್ಟರು ಮಧ್ಯಾಹ್ನದ ಬುತ್ತಿ ಉಣ್ಣುತ್ತಿದ್ದದ್ದು ಲ್ಯಾಬಿನ ಮೂಲೆಯಲ್ಲಿ, ಬ್ಯಾಟರಿಗಳ ಪಕ್ಕ, ಸ್ಟೂಲಿನ ಮೇಲೆ.

ಆ ವರ್ಷ ಪ್ರಿನ್ಸಿಪಾಲರು ಹೇಳಿದರಂತೆ: "ಶೆಟ್ಟರೇ, ನಿಮ್ಮ ಡಿಗ್ರಿ ಒಂದೇ, ಅದೂ ಥರ್ಡ್ ಕ್ಲಾಸ್. ಕೆಮಿಸ್ಟ್ರಿಯಲ್ಲಿ ಇನ್ನೊಂದು ಡಿಗ್ರಿ ಮಾಡಿಕೊಳ್ಳಿ, ನಿಮಗೆ ಒಂದೇ ವರ್ಷದ ಕೆಲಸ. ಡಬಲ್ ಆದರೆ ನಿಮ್ಮನ್ನು ಲೆಕ್ಚರರ್ ಮಾಡಲಿಕ್ಕೆ ನನಗೂ ಬಾಯಿ ಉಂಟು."

ಅಷ್ಟೇ ಸಾಕಾಯಿತು. ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾದ ಮನುಷ್ಯ ಮರುವಾರವೇ ನಮ್ಮ ಕೊನೆಯ ವರ್ಷದ ಕೆಮಿಸ್ಟ್ರಿ ಕ್ಲಾಸಿಗೆ ಬಂದು, ಬೆಂಚಿನಲ್ಲಿ ಕೂತುಬಿಟ್ಟರು. ಕೂತದ್ದು ಎಲ್ಲಿ? ನಂಬರಿನ ಪ್ರಕಾರ ಕೂರಬೇಕಿತ್ತು. ದಿವಾಕರನಾದ ನನ್ನ ನಂತರ ದೂಮಣ್ಣ. ನನ್ನ ಎಡಗಡೆ, ನಂಬರು ಲೆಕ್ಕಿಸದೆ ಬಂದು ಕೂರುವ ನನ್ನ ಗೆಳೆಯ ಮೊಯಿದಿನ್, ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಬ್ಯಾರಿ ಸಾಹುಕಾರರ ಮಗ. ಬಲಗಡೆ ನಮ್ಮ ಮೇಷ್ಟ್ರು. ನನ್ನಂಥ ಪ್ರತಿಭಾವಂತ ತುಂಟನಿಗೆ ಯುನಿವರ್ಸಿಟಿ ಕೊಟ್ಟ ಶಿಕ್ಷೆ ಅದು.

ಬೆಳಿಗ್ಗೆ ನಮಗೆ ಬೈಯುವವರು, ಮಧ್ಯಾಹ್ನ ನಮ್ಮ ಜೊತೆ ಬೈಸಿಕೊಳ್ಳಬೇಕಾದವರು. ಆದರೆ ಬೈಯುವುದಕ್ಕೆ ಕೆಮಿಸ್ಟ್ರಿಯ ಲೆಕ್ಚರರಿಗೆ ಧೈರ್ಯವಿರಲಿಲ್ಲ, ಏಕೆಂದರೆ ಅವರೂ ಶೆಟ್ಟರ ಹಳೆಯ ವಿದ್ಯಾರ್ಥಿ. ಹಾಜರಿ ಕರೆದಾಗ ಶೆಟ್ಟರು ಎದ್ದು ನಿಂತು "ಪ್ರೆಸೆಂಟ್ ಸರ್" ಎನ್ನುವರು. ಲೆಕ್ಚರರು ಬೆವರೊರೆಸಿಕೊಂಡು "ಕೂತ್ಕೊಳ್ಳಿ ಸರ್, ಕೂತ್ಕೊಳ್ಳಿ" ಎನ್ನುವರು.

ಮೊಯಿದಿನ್ ತಪ್ಪಿಸಿಕೊಂಡ ದಿನ ಅವನ ಹಾಜರಿ ಹೇಳುವ ಕೆಲಸ ನನ್ನದು. ಅವನ ದನಿಯನ್ನು ನಾನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ ಅವನ ಬಾಪಾ ಕೂಡ ಮೋಸ ಹೋಗಬೇಕು. ಶೆಟ್ಟರು ಬಂದ ಮೊದಲ ವಾರವೇ ಕೈ ಎತ್ತಿದರು.

"ಸರ್, ಮೊಯಿದಿನ್ ಬರಲಿಲ್ಲ. ಅದು ದಿವಾಕರನ ಗಂಟಲು."

"ಸರ್," ಎಂದೆ ನಾನು ಕೆಳದನಿಯಲ್ಲಿ, "ನೀವೀಗ ಸ್ಟೂಡೆಂಟ್. ಸ್ಟೂಡೆಂಟ್ ಆದವರು ಹೀಗೆ ಮಾಡ್ಲಿಕ್ಕಿಲ್ಲ."

"ಬಾರದವನು ಬಂದಿದ್ದಾನೆ ಅಂತ ಬರೆಯುದು ಹೇಗೆ ಮಾರಾಯ?" ಎಂದು ನಿಜವಾಗಿಯೇ ಆಶ್ಚರ್ಯದಿಂದ ಕೇಳಿದರು.

ಅವರ ಇಡೀ ಭೌತಶಾಸ್ತ್ರ ಇದ್ದದ್ದು ಅದೊಂದೇ ಮಾತಿನಲ್ಲಿ: ಬಂದದ್ದನ್ನು ಬರೆ. ಪೆಂಡ್ಯುಲಮ್ ಪ್ರಯೋಗದಲ್ಲಿ ಗುರುತ್ವದ ಬೆಲೆ ಎಷ್ಟು ಬರಬೇಕೆಂದು ಪುಸ್ತಕದಲ್ಲೇ ಇದೆ. ಬುದ್ಧಿವಂತರು ಮೊದಲು ಉತ್ತರ ಬರೆದು, ಅದರಿಂದ ಹಿಂದಕ್ಕೆ ಲೆಕ್ಕ ಮಾಡಿ, ತೂಗಾಟದ ರೀಡಿಂಗುಗಳನ್ನು ತುಂಬಿಸುತ್ತಾರೆ. ನಮ್ಮ ಹಿರಿಯರು ಹಾಗೆ ಮಾಡಿದರು, ನಾವೂ ಮಾಡಿದೆವು. ಇದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ; ಸಂಶಯ ಬರಬಾರದೆಂದು ನಡುವೆ ಒಂದು ತಪ್ಪು ರೀಡಿಂಗನ್ನೂ ಹೊಂದಿಸಿ ಇಡುತ್ತಿದ್ದೆ. ಶೆಟ್ಟರು ಅದನ್ನು ಓದಿ, ನಶ್ಯ ಏರಿಸಿ, "ಪುಸ್ತಕದಲ್ಲಿ ಎಷ್ಟುಂಟು ಅಂತ ನನಗೆ ಗೊತ್ತುಂಟು. ನಿನ್ನ ದಾರದ ತುದಿಯಲ್ಲಿ ಎಷ್ಟುಂಟು ಹೇಳು," ಎಂದು ಪುನಃ ತೂಗಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಗೋಳಿಬಜೆ ಮುಗಿದುಹೋಗುವ ಹೊತ್ತಿಗೆ ನಮ್ಮ ಬಿಡುಗಡೆ.

ಇಂಥ ಮನುಷ್ಯನಿಗೆ ಕೆಮಿಸ್ಟ್ರಿಯಲ್ಲಿ ಎದುರಾದದ್ದು ಉಪ್ಪಿನ ಪರೀಕ್ಷೆ. ಒಂದು ಚಿಟಿಕೆ ಲವಣ ಕೊಡುತ್ತಾರೆ. ಕಾಯಿಸಿ, ಆ್ಯಸಿಡ್ ಹಾಕಿ, ಬಣ್ಣ ನೋಡಿ, ಮೂಸಿ, ಅದು ಯಾವುದೆಂದು ಹೇಳಬೇಕು. ಮೂಸುವುದು ಅದರಲ್ಲಿ ದೊಡ್ಡ ಪಾಲು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಇಂಥದ್ದು, ವಿನೆಗರಿನದ್ದು ಬಂದರೆ ಇಂಥದ್ದು. ಮೊಯಿದಿನ್ ಒಣಮೀನಿನ ನಡುವೆ ಬೆಳೆದವನಾದರೂ ಬಾಗಿಲಲ್ಲಿ ನಿಂತೇ ಉಪ್ಪಿನ ಹೆಸರು ಹೇಳುತ್ತಿದ್ದ. ಶೆಟ್ಟರು ಮಾತ್ರ ಟೆಸ್ಟ್‌ಟ್ಯೂಬನ್ನು ಆ ಮಹಾ ಮೂಗಿನ ಕೆಳಗೆ ಹಿಡಿದು, ಸಂಗೀತ ಕೇಳುವವರ ಹಾಗೆ ತಲೆ ವಾಲಿಸಿ, ಕೊನೆಗೆ ನನ್ನತ್ತ ಚಾಚುತ್ತಿದ್ದರು.

"ಎಂತ ವಾಸನೆ ಬರ್ತದೆ ಮಾರಾಯ?"

ಮೊದಲ ದಿನ ಅದರಲ್ಲಿದ್ದದ್ದು ಕೊಳೆತ ಮೊಟ್ಟೆ. ಇಡೀ ಲ್ಯಾಬು ಮೂಗು ಮುಚ್ಚಿಕೊಂಡಿತ್ತು.

"ಮಲ್ಲಿಗೆ, ಸರ್," ಎಂದೆ.

ಅವರು ಒದ್ದೆ ಕಾಗದದ ಪಟ್ಟಿಯೊಂದನ್ನು ಟ್ಯೂಬಿನ ಬಾಯಿಗೆ ಹಿಡಿದರು. ಸೀಸದ ದ್ರಾವಣದಲ್ಲಿ ಅದ್ದಿದ ಪಟ್ಟಿ, ಕೊಳೆತ ಮೊಟ್ಟೆಯ ಅನಿಲ ತಾಗಿದರೆ ಕಪ್ಪಾಗುವಂಥದ್ದು. ಅದು ಕಪ್ಪಾಯಿತು. ಪಟ್ಟಿಯನ್ನೂ ನನ್ನನ್ನೂ ಒಮ್ಮೆ ನೋಡಿದರು.

"ಯಾವ ಮಲ್ಲಿಗೆ?"

"ಉಡುಪಿ ಮಲ್ಲಿಗೆ, ಸರ್."

"ಆಗಲಿ. ನಿನ್ನ ಮದುವೆಯ ದಿನ ಹುಡುಗಿಗೆ ಇದನ್ನೇ ಮುಡಿಸುವ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ನನ್ನ ಆಟದಲ್ಲಿ ನನ್ನನ್ನು ಸೋಲಿಸಿದವರು ಅವರೊಬ್ಬರೇ, ಅದೂ ಒಮ್ಮೆ ಮಾತ್ರ. ಆಮೇಲೂ ಅವರು ಕೇಳುವುದನ್ನು ಬಿಡಲಿಲ್ಲ. ನಾನು ಒಂದು ದಿನ ಸಂಪಿಗೆ ಎನ್ನುವೆ, ಇನ್ನೊಂದು ದಿನ ಪತ್ರೊಡೆ ಎನ್ನುವೆ, ಮೂರನೆಯ ದಿನ ಸತ್ಯ ಹೇಳುವೆ. ಅವರು ಎಲ್ಲವನ್ನೂ ಕೇಳಿ, ಬಣ್ಣದಿಂದ, ತಳಕ್ಕಿಳಿದ ಗಸಿಯಿಂದ, ಕಾಗದದ ಪಟ್ಟಿಯಿಂದ ತಾವೇ ಉತ್ತರ ಹಿಡಿಯುತ್ತಿದ್ದರು. ವಾಸನೆಯ ಜಾಗವನ್ನು ಖಾಲಿ ಬಿಡುತ್ತಿದ್ದರು.

"ಪರೀಕ್ಷೆಯಲ್ಲಿ ಇದು ನಡೆಯುದಿಲ್ಲ ಸರ್," ಎಂದು ಮೊಯಿದಿನ್ ಹೇಳಿದ. "ವಾಸನೆಗೆ ಬೇರೆ ಮಾರ್ಕುಂಟು."

"ನೋಡುವ," ಎಂದರು.

ಫೈನಲ್ ಪರೀಕ್ಷೆಯ ದಿನ ನೋಡಿದೆವು. ನನಗೆ ಬಂದದ್ದು ನೀಲಿ ಉಪ್ಪು, ಮೈಲುತುತ್ತ. ನೋಡಿದ ಕೂಡಲೇ ಹೆಸರು ಗೊತ್ತಾಗುವಂಥದ್ದು. ಹೆಸರು ಮೊದಲು ಬರೆದು, ಮಾಡದ ಪ್ರಯೋಗಗಳನ್ನೆಲ್ಲ ಚಂದವಾಗಿ ತುಂಬಿಸಿ, ಪಕ್ಕಕ್ಕೆ ತಿರುಗಿದೆ. ಶೆಟ್ಟರದ್ದು ಬಿಳಿ ಉಪ್ಪು. ಅವರು ಆ್ಯಸಿಡ್ ಹಾಕಿದ್ದೇ ತಡ, ನನ್ನ ಮೂಗಿಗೆ ವಿನೆಗರು ಬಡಿಯಿತು. ಅಯ್ಯೋ ದೇವರೇ, ಇಷ್ಟೊಂದು ಉಪ್ಪುಗಳಿರುವಾಗ ಇವರಿಗೆ ಇದೇ ಬರಬೇಕೇ!

ನಾನು ಕೆಮ್ಮಿದೆ. ಉಪ್ಪಿನಕಾಯಿ ನೆಕ್ಕಿದವನ ಹಾಗೆ ಮುಖ ಹುಳಿ ಮಾಡಿದೆ. ಅವರು ನೋಡಿದರು, ಅರ್ಥವಾಯಿತು, ಬೇಕೆಂದೇ ನನಗೆ ಬೆನ್ನು ಹಾಕಿ ನಿಂತರು. ಇಡೀ ವರ್ಷ "ಎಂತ ವಾಸನೆ" ಎಂದು ನನ್ನ ತಲೆ ತಿಂದವರು, ನಾನು ಒಮ್ಮೆ ಪುಕ್ಕಟೆಯಾಗಿ ಸತ್ಯ ಹೇಳಹೊರಟರೆ ಬೆನ್ನು ಹಾಕಿದರು!

ಆದರೂ ಉತ್ತರ ಹಿಡಿದರು. ಇನ್ನೊಂದು ದ್ರಾವಣ ಹಾಕಿದಾಗ ರಕ್ತದಂಥ ಕೆಂಪು ಬಂತು, ಅಲ್ಲಿಗೆ ಅದು ಅಸಿಟೇಟ್ ಎಂದು ಖಚಿತ. ಉಳಿದದ್ದು ಕೊನೆಯ ಮೆಟ್ಟಿಲು: ಸ್ಪಿರಿಟ್ ಹಾಕಿ ಬಿಸಿ ಮಾಡಿದರೆ ಹಣ್ಣಿನ ವಾಸನೆ ಬರಬೇಕು. ಬಂತು. ಬಾಳೆಹಣ್ಣಿನ ಅಂಗಡಿಯ ಹಾಗೆ ಬಂತು. ಪರವೂರಿನಿಂದ ಬಂದ ಪರೀಕ್ಷಕರು ಅಲ್ಲೇ ನಿಂತಿದ್ದರು. ಒಳ್ಳೆಯ ಮನುಷ್ಯ. ಶೆಟ್ಟರ ಕಾಗದ ನೋಡಿದರು.

"ಉತ್ತರ ಸರಿ ಇದೆ. ವಾಸನೆ ಯಾಕೆ ಬರೆದಿಲ್ಲ?"

"ನನಗೆ ಬರಲಿಲ್ಲ ಸರ್. ನನ್ನ ಮೂಗು ಹೋಗಿದೆ."

"ಏನು ಬರಬೇಕೆಂದು ಗೊತ್ತಿದೆಯಲ್ಲ?"

"ಗೊತ್ತುಂಟು. ಹಣ್ಣಿನದ್ದು."

"ಹಾಗಾದರೆ ಬರೆದುಬಿಡಿ. ಬರೆಯದೆ ನಾನು ಉತ್ತರಕ್ಕೂ ಮಾರ್ಕು ಹಾಕುವ ಹಾಗಿಲ್ಲ."

"ಹಾಕಬೇಡಿ ಸರ್," ಎಂದರು ಶೆಟ್ಟರು, ಚಹಾಕ್ಕೆ ಸಕ್ಕರೆ ಬೇಡ ಎನ್ನುವಷ್ಟು ಸುಲಭವಾಗಿ.

ನನಗೆ ಅವರ ಕೈಯಿಂದ ಪೆನ್ನು ಕಸಿದು ನಾನೇ ಬರೆಯುವ ಎನಿಸಿತು. ಒಂದು ಶಬ್ದ! ಸ್ಟಾಫ್ ರೂಮಿನ ಕುರ್ಚಿಗೂ ಬ್ಯಾಟರಿ ಪಕ್ಕದ ಸ್ಟೂಲಿಗೂ ನಡುವೆ ಇದ್ದದ್ದು ಅದೊಂದು ಶಬ್ದ.

ಅದೇ ವಾರ ಫಿಸಿಕ್ಸ್ ಪ್ರಾಕ್ಟಿಕಲ್. ಅಲ್ಲಿ ಅವರು ಸಲಕರಣೆ ಹೊಂದಿಸಿಕೊಡುವವರು, ನಾನು ಪರೀಕ್ಷೆ ಬರೆಯುವವನು. ನನಗೆ ಪೆಂಡ್ಯುಲಮ್ ಬಂತು. ಮೊನ್ನೆ ಅವರಿಗಾಗಿ ಅಷ್ಟು ಮುಖ ಹುಳಿ ಮಾಡಿದ್ದೇನೆ, ಇವತ್ತಾದರೂ ಕಣ್ಣು ಮುಚ್ಚಿಕೊಂಡಾರು ಎಂದು ನೆಮ್ಮದಿಯಿಂದ ಉತ್ತರ ಬರೆದು ಹಿಂದಕ್ಕೆ ಲೆಕ್ಕ ಮಾಡತೊಡಗಿದೆ. ಬೆನ್ನ ಹಿಂದೆ ನಶ್ಯ ಎಳೆದ ಸದ್ದು.

"ದಿವಾಕರ, ಗುಂಡು ಇನ್ನೂ ತೂಗ್ಲಿಕ್ಕೆ ಸುರು ಮಾಡ್ಲಿಲ್ಲ. ನಿನ್ನ ಉತ್ತರ ಮಾತ್ರ ಬಂದು ಕೂತಿದೆ."

ದನಿ ತಗ್ಗಿಸುವ ಅಭ್ಯಾಸ ಅವರಿಗಿರಲಿಲ್ಲ. ಪರೀಕ್ಷಕರು ತಿರುಗಿದರು. ಕಾಗದ ಹರಿದು ಹೊಸದು ಕೊಟ್ಟರು. ನಾನು ಜನ್ಮದಲ್ಲಿ ಮೊದಲ ಸಲ ಪೆಂಡ್ಯುಲಮ್ ಪ್ರಯೋಗವನ್ನು ನಿಜವಾಗಿ ಮಾಡಿದೆ. ಬಂದ ಗುರುತ್ವವನ್ನು ನಂಬಿದ್ದರೆ ಮಂಗಳೂರಿನ ಜನ ಗಾಳಿಯಲ್ಲಿ ತೇಲಬೇಕಿತ್ತು. ನನ್ನ ಫಸ್ಟ್ ಕ್ಲಾಸೂ ಹಾಗೆಯೇ ತೇಲಿಹೋಯಿತು.

ರಿಸಲ್ಟ್ ಬಂದ ದಿನ ಬೋರ್ಡಿನ ಎದುರು ನಮ್ಮ ಜೊತೆ ಅವರೂ ನೂಕಾಡಿದರು. ನಾನು ಪಾಸು, ಮೊಯಿದಿನ್ ಪಾಸು. ಶೆಟ್ಟರು ಥಿಯರಿಯಲ್ಲಿ ನಮ್ಮೆಲ್ಲರಿಗಿಂತ ಮೇಲೆ, ಪ್ರಾಕ್ಟಿಕಲಿನಲ್ಲಿ ಸ್ವಲ್ಪದಕ್ಕೆ ಫೇಲು.

"ಆಯಿತಾ ನಿಂದು? ಒಳ್ಳೆದಾಯ್ತು," ಎಂದರು. "ಬರುವ ವರ್ಷ ನನ್ನ ಬದಿಯಲ್ಲಿ ಯಾರು ಕೂರ್ತಾರೋ."

ನನಗೆ ತಡೆಯಲಾಗಲಿಲ್ಲ. "ಒಂದು ಶಬ್ದ ಬರೀಲಿಕ್ಕೆ ನಿಮಗೆ ಎಂತ ಆಗಿತ್ತು ಸರ್? ಆ ಪರೀಕ್ಷಕರೇ ಬರೀರಿ ಅಂತ ಕೈ ಮುಗಿಯುದೊಂದು ಬಾಕಿ!"

"ಬರೆದು ಲೆಕ್ಚರರ್ ಆಗ್ತೇನೆ ಅಂತ ಇಟ್ಟುಕೊ. ಮತ್ತೆ ನಿನ್ನಂಥವರಿಗೆ 'ಬಂದದ್ದನ್ನು ಬರೆ' ಅಂತ ಯಾವ ಮುಖದಲ್ಲಿ ಹೇಳುದು?"

"ಮೂಗಿಲ್ಲದ ಮುಖದಲ್ಲಿ," ಎಂದೆ.

ಅವರು ಎಷ್ಟು ನಕ್ಕರೆಂದರೆ ಡಬ್ಬಿಯ ನಶ್ಯವೆಲ್ಲ ನನ್ನ ಅಂಗಿಯ ಮೇಲೆ ಚೆಲ್ಲಿತು. ಸಂಜೆಯವರೆಗೆ ಸೀನಿದೆ.

ಮರುವರ್ಷ ನಮಗಿಂತ ಕಿರಿಯರ ಜೊತೆ ಪುನಃ ಅದೇ ಬೆಂಚಿನಲ್ಲಿ ಕೂತರು. ಈ ಸಲ ಪರೀಕ್ಷೆಯಲ್ಲಿ ಅವರಿಗೆ ಬಂದದ್ದು ಯಾವ ವಾಸನೆಯೂ ಇಲ್ಲದ ಉಪ್ಪು. ಒಳ್ಳೆಯ ಮಾರ್ಕು ತೆಗೆದು ಪಾಸಾದರು. ಮೂಗು ಅದೇ, ತಲೆ ಅದೇ, ಕಲಿತದ್ದೂ ಅದೇ. ಬದಲಾದದ್ದು ಒಂದು ಚಿಟಿಕೆ ಉಪ್ಪು. ಡಿಗ್ರಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಕತೆಯನ್ನೇ ಹೇಳುವುದು.

ಅವರು ಲೆಕ್ಚರರಾದ ಸುದ್ದಿ ಕೇಳಿ ನಾನೂ ಮೊಯಿದಿನ್ನೂ ನೋಡಲು ಹೋದೆವು. ಸ್ಟಾಫ್ ರೂಮಿನಲ್ಲಿ ಕೊನೆಗೂ ಕುರ್ಚಿ ಸಿಕ್ಕಿತ್ತು, ಮೂಲೆಯ ಕಿಟಕಿಯ ಹತ್ತಿರ. ಕಿಟಕಿಯ ಹೊರಗೆ ಕೆಮಿಸ್ಟ್ರಿ ಲ್ಯಾಬಿನ ಕೊಳಚೆ ನೀರು ಹೋಗುವ ಚರಂಡಿ. ಆ ನಾತಕ್ಕೆ ಯಾರೂ ಅಲ್ಲಿ ಕೂರಲು ಒಪ್ಪದೆ ಉಳಿದಿದ್ದ ಕುರ್ಚಿ ಅದು. ಮೊಯಿದಿನ್ ಕರವಸ್ತ್ರ ಹುಡುಕತೊಡಗಿದ. ಶೆಟ್ಟರು ಮಹಾರಾಜನ ಹಾಗೆ ಒರಗಿ ಕೂತು, "ಬನ್ನಿ ಬನ್ನಿ. ಇಲ್ಲಿ ಗಾಳಿ ಒಳ್ಳೆದುಂಟು, ಎಲ್ಲರೂ ನನಗೇ ಬಿಟ್ಟುಕೊಟ್ಟಿದ್ದಾರೆ," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಎಂತ ವಾಸನೆ ಉಂಟಾ ಮಾರಾಯ?" ಎಂದು ಕೇಳಿದರು.

"ಎಂತದೂ ಇಲ್ಲ ಸರ್," ಎಂದೆ. ಮೊಯಿದಿನ್ ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡ.

ಆ ಕುರ್ಚಿಯಲ್ಲಿ ಅವರು ಕೂತದ್ದು ಕೆಲವೇ ವರ್ಷ. ಒಂದು ಬೆಳಿಗ್ಗೆ ಮೊಯಿದಿನ್ ನಮ್ಮ ಹೋಟೆಲಿಗೆ ಬಂದು, ತಿಂಡಿಗೆ ಕೂರದೆ, ಗಲ್ಲಾಪೆಟ್ಟಿಗೆಯ ಹತ್ತಿರವೇ ನಿಂತ. "ನಮ್ಮ ಮೇಷ್ಟ್ರು ಹೋದರು ಮಾರಾಯ," ಎಂದ.

ಜೆಪ್ಪುವಿನ ಅವರ ಮನೆಗೆ ಹೋದೆವು. ಗೋಡೆಯ ಬೋರ್ಡಿನಲ್ಲಿ ಹೆಸರಿನ ಮುಂದೆ ಎರಡು ಬಿ.ಎಸ್ಸಿ. ಒಳಗೆ ಚಾವಡಿಯಲ್ಲಿ ಮಲಗಿಸಿದ್ದರು. ಹೊಳ್ಳೆಗಳ ಅಂಚಿನ ಕಂದು ಗೆರೆಯನ್ನು ಯಾರೋ ಒರೆಸಿ ತೆಗೆದಿದ್ದರು, ಮುಖ ಬೇರೆಯವರದ್ದರ ಹಾಗೆ ಕಾಣುತ್ತಿತ್ತು. ಅವರ ಹೆಂಡತಿ ಗಿರಿಜಕ್ಕ ನನ್ನನ್ನು ಗುರುತು ಹಿಡಿದು, "ಕಾಫಿ ಹುಡಿ ಹಾಕಿದ ಹುಡುಗ ಅಲ್ವಾ ನೀನು?" ಎಂದರು. ಅದು ಅವರಿಗೆ ಗೊತ್ತಿತ್ತು! ಅಂದರೆ ಶೆಟ್ಟರಿಗೂ ಗೊತ್ತಿತ್ತು. ಇಷ್ಟು ವರ್ಷ ಒಂದು ಮಾತು ಹೇಳದೆ ನನ್ನನ್ನು ಜಂಬ ಕೊಚ್ಚಿಕೊಳ್ಳಲು ಬಿಟ್ಟಿದ್ದರು. ಸತ್ತ ಮೇಲೂ ನನ್ನನ್ನು ಸೋಲಿಸಬೇಕೇ ಈ ಮನುಷ್ಯ!

ಕಾಲೇಜಿನ ಹುಡುಗರು ತಂದ ಹಾರಗಳು ಎದೆಯ ಮೇಲೆ ರಾಶಿ ಬಿದ್ದಿದ್ದವು. ಕೋಣೆಯೆಲ್ಲ ಅದೇ ಪರಿಮಳ. ನಾನು ಬಗ್ಗಿ, ಆ ದೊಡ್ಡ ಮೂಗಿನ ಹತ್ತಿರ ಬಾಯಿ ಇಟ್ಟು, ಯಾರಿಗೂ ಕೇಳದ ಹಾಗೆ ಹೇಳಿದೆ:

"ಮಲ್ಲಿಗೆ, ಸರ್. ಈ ಸಲ ಸುಳ್ಳಲ್ಲ."