ಲೋಕಲ್ ಇಂಕಿನ ಗುಲಾಬಿ ಮುಖಗಳು

ಬಸವಕಲ್ಯಾಣದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಹಲವು ವರ್ಷ ನನ್ನ ಅಂಗಡಿಯಲ್ಲಿ ಪ್ರಿಂಟಾದ ಯಾರೂ ಕಪ್ಪಗಿರಲಿಲ್ಲ. ಹೊಲದಲ್ಲಿ ದುಡಿಯುವವರು, ಕುರಿ ಕಾಯುವವರು, ಹೆದ್ದಾರಿಯಲ್ಲಿ ಲಾರಿ ಓಡಿಸುವವರು ಎಲ್ಲರೂ ನನ್ನ ಪ್ರಿಂಟರಿನಿಂದ ತಿಳಿಗುಲಾಬಿ ಬಣ್ಣದಲ್ಲಿ ಹೊರಬರುತ್ತಿದ್ದರು. ಅದು ನನ್ನ ಕೈಚಳಕವೆಂದು ಜನ ನಂಬಿದ್ದರು. ಅವರು ನಂಬಿದ ಮೇಲೆ ನಾನೂ ನಂಬಿದೆ.

ಅಸಲಿಗೆ ಅದು ಇಂಕಿನ ಗುಣ. ಪ್ರಿಂಟರ್ ತಯಾರಿಸಿದ ಕಂಪನಿಯ ಇಂಕು ದುಬಾರಿಯೆಂದು ನಾನು ಬಾಟಲಿಯಲ್ಲಿ ಸಿಗುವ ಲೋಕಲ್ ಇಂಕು ತುಂಬುತ್ತಿದ್ದೆ. ಅದರಲ್ಲಿ ಕಪ್ಪು ಸಪ್ಪೆ, ಕೆಂಪು ಜೋರು. ಹುಮನಾಬಾದಿನಲ್ಲಿ ನನಗಿಂತ ಹಿರಿಯರಾದ ಒಬ್ಬ ಸ್ಟುಡಿಯೋದವರಿದ್ದರು. ಅವರು ಫೋಟೋಗೆ ಕಂಪನಿ ಇಂಕು ಬಿಟ್ಟು ಬೇರೆಯದನ್ನು ಹಾಕಿದವರಲ್ಲ. ಅವರಲ್ಲಿ ಮನುಷ್ಯ ಹೇಗಿದ್ದನೋ ಹಾಗೇ ಬರುತ್ತಿದ್ದ. ಹಾಗಾಗಿಯೇ ಅವರ ಗಿರಾಕಿಗಳಲ್ಲಿ ಕೆಲವರು ಬಸ್ಸು ಹತ್ತಿ ನನ್ನಲ್ಲಿಗೆ ಬಂದು, "ಅಲ್ಲಿ ತೆಗಿಸಿದ್ರ ಭಾಳ ಕರ್ರಗ ಬರ್ತೀವ್ರಿ" ಎನ್ನುತ್ತಿದ್ದರು. ನಾನು ಮೀಸೆಯಂಚಿನಲ್ಲೇ ನಗುತ್ತಿದ್ದೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ನಿಜ. ಆದರೆ ಹೆಣ್ಣು ನೋಡುವ ವಿಷಯ ಬಂದರೆ ನಮ್ಮ ಕಡೆಯ ಹಿರಿಯರು ಫೋನಿನ ಫೋಟೋ ನಂಬುವುದಿಲ್ಲ. ಅದರಲ್ಲಿ ಮುಖ ಬೆಳ್ಳಗೆ ಮಾಡುವ ಆಟ ಅವರಿಗೂ ಗೊತ್ತು. "ಸ್ಟುಡಿಯೋದಾಗ ತೆಗಿಸಿದ್ದು ಕಳಸ್ರಿ" ಎನ್ನುತ್ತಾರೆ. ಹಾಗೆ ನಂಬಿ ಅವರು ತರಿಸಿಕೊಳ್ಳುತ್ತಿದ್ದದ್ದು ನನ್ನ ಗುಲಾಬಿ ಮುಖಗಳನ್ನು.

ಒಂದು ಮಧ್ಯಾಹ್ನ ಮುಡಬಿಯ ಹುಡುಗಿಯೊಬ್ಬಳು ಸೋದರತ್ತೆಯೊಂದಿಗೆ ಬಂದಳು. ಕುರಿ ಸಾಕುವ ಮನೆಯವಳು, ಊರಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ರವಿಕೆ, ಅಂದರೆ ನಮ್ಮ ಕಡೆಯ ಜಂಪರ್, ಹೊಲಿಯುತ್ತಿದ್ದಳು. ಕೆಲವು ತಿಂಗಳ ಹಿಂದೆ ನಾನೇ ಅವಳ ಫೋಟೋ ತೆಗೆದಿದ್ದೆ. ಅದನ್ನು ಮೆಚ್ಚಿ ಎರಡು ಮನೆಯವರು ಹೆಣ್ಣು ನೋಡಲು ಬಂದಿದ್ದರಂತೆ. ಎರಡೂ ಸಲ ಚಹಾ ಕುಡಿದು, ಫೋಟೋವನ್ನೊಮ್ಮೆ ಅವಳನ್ನೊಮ್ಮೆ ನೋಡಿ ಎದ್ದು ಹೋಗಿದ್ದರಂತೆ. ಈಗ ಮನ್ನಾಏಖೇಳ್ಳಿಯ ಮನೆಯವರು ಫೋಟೋ ಕೇಳಿದ್ದರು. ಮರುದಿನ ಅತ್ತೆಯೇ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಅದನ್ನು ಒಯ್ಯುವುದಿತ್ತು.

ಹುಡುಗಿ ಹಳೆಯ ಫೋಟೋ ಹಿಡಿದು ಹೊಸ್ತಿಲಾಚೆಯ ಬಿಸಿಲಿಗೆ ಹೋದಳು. ಅದನ್ನು ತನ್ನ ಮುಂಗೈ ಪಕ್ಕ ಇಟ್ಟು ಕೇಳಿದಳು: "ಕಾಕಾ, ಈ ಬಣ್ಣ ಯಾರದ್ರಿ?"

"ಚಂದ ಬಂದೀಯಲ್ಲವ್ವಾ. ಇದಕ್ಕಂತನೇ ಮಂದಿ ದೂರದಿಂದ ಬರಾಕತ್ತಾರ" ಎಂದೆ.

"ಚಂದ ಅದರಿ. ಆದ್ರ ಅದು ನಾ ಅಲ್ಲ. ಮುಖ ಬಿಡ್ರಿ, ಮೈಮ್ಯಾಲಿನ ಇದೇ ಜಂಪರ್ ನೋಡ್ರಿ. ನಾ ಹೊಲದಿದ್ದು ಅರಿಶಿಣ ಬಣ್ಣದ್ದು, ಇಲ್ಲಿ ಕೇಸರಿ ಆಗ್ಯಾದ. ಬಟ್ಟಿ ಬಣ್ಣಕ್ಕ ಒಳಗಿನ ಅಸ್ತರ ಹೊಂದಸೂದು ನನ್ನ ದಿನದ ಕೆಲಸ, ಬಣ್ಣದಾಗ ನನ್ನ ಕಣ್ಣು ತಪ್ಪಂಗಿಲ್ಲ."

ಅತ್ತೆ ಅವಳ ತೋಳು ಜಗ್ಗಿದರು. "ಸುಮ್ನಿರು. ಕರ್ರಗ ಬಂದ್ರ ನೋಡಾಕ ಯಾರು ಬರ್ತಾರ?"

"ಬರದಿದ್ರ ಬ್ಯಾಡ, ಅತ್ತಿ. ಬಂದು ಎದ್ದು ಹೋಗೂದು ನೋಡಿ ಸಾಕಾಗ್ಯಾದ ನನಗ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಹಂಗಿದ್ರ ಹುಮನಾಬಾದಕ್ಕ ಹೋಗ್ರಿ. ಅಲ್ಲೊಬ್ಬರು ಅದಾರ, ಸಾಫ್ ಕರ್ರಗ ಮಾಡಿ ಕೊಡ್ತಾರ" ಎಂದುಬಿಟ್ಟೆ. ನಾಚಿಕೊಂಡು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಅವಳು ನಿಜವಾಗಿಯೂ ಕೇಳಿದಳು: "ಹೌದ್ರಿ? ಅವರ ಅಂಗಡಿ ಎಲ್ಲಿ ಬರ್ತದ?"

ಆಗ ನನಗೇ ನಾಚಿಕೆಯಾಯಿತು. ಅವಳನ್ನು ಕೂರಿಸಿ ಹೊಸ ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ಕೆಂಪು ಇಳಿಸಿ ಪ್ರಿಂಟ್ ಕೊಟ್ಟರೆ ಮುಖ ಬೂದಿ ಬಳಿದಂತಾಯಿತು, ಇನ್ನಷ್ಟು ತಿದ್ದಿದರೆ ಕೂದಲು ಹಸಿರಾಯಿತು. ನಾನು ಪರದೆಯ ಮೇಲೆ ಏನು ಹೇಳಿದರೂ ಇಂಕು ಕೇಳಲಿಲ್ಲ. ಕಡೆಗೆ ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ನಾಳೆ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಕೈಗೆ ಸರಿಯಾದ ಪ್ರಿಂಟು ಕೊಡುತ್ತೇನೆಂದು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ, ವರ್ಷಗಟ್ಟಲೆ ಆಡಿಕೊಂಡಿದ್ದವರ ಅಂಗಡಿಯ ಮೆಟ್ಟಿಲನ್ನು ಸಂಕೋಚದಿಂದಲೇ ಹತ್ತಿದೆ. ಅವರು ಮಾತ್ರ "ಬರ್ರಿ, ಕೂಡ್ರಿ" ಎಂದು ಕುರ್ಚಿ ಎಳೆದು ಚಹಾ ಹೇಳಿದರು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ನಗಲಿಲ್ಲ. ಪ್ರಿಂಟು ತೆಗೆದು, ಹೊರಗಿನ ಬೆಳಕಿಗೆ ಕರೆದೊಯ್ದು ತೋರಿಸಿದರು. ಹಳೆ ಬೆಲ್ಲದ ಬಣ್ಣದ ಮುಖ, ಅರಿಶಿಣದ ಜಂಪರ್. ನನ್ನ ಪ್ರಿಂಟಿನಲ್ಲಿ ಮಸುಕಾಗಿಹೋಗಿದ್ದ ಆ ಕಣ್ಣುಗಳು ಎಷ್ಟು ದಿಟ್ಟವೆಂದು ಆಗ ಕಂಡೆ.

"ಲೋಕಲ್ ಇಂಕು ಅಂದ್ರ ಎಲ್ಲಾ ಕೆಟ್ಟದ್ದಲ್ರಿ" ಎಂದರು. "ಅರ್ಜಿ, ರಸೀದಿ ಪ್ರಿಂಟ್ ಮಾಡಾಕ ನಾನೂ ಅದನ್ನೇ ಹಾಕ್ತೀನಿ. ಮುಖಕ್ಕ ಮಾತ್ರ ಹಾಕಂಗಿಲ್ಲ."

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. "ನಮ್ಮ ಹುಡುಗಿನೇ ಬಿಡ್ರಿ" ಎಂದು ಸಣ್ಣ ದನಿಯಲ್ಲಿ ಹೇಳಿ ಚೀಲಕ್ಕೆ ಹಾಕಿಕೊಂಡರು. ಅವರ ಅಳುಕು ನನಗೂ ಅಂಟಿಕೊಂಡಿತು. ಈ ಫೋಟೋ ನೋಡಿ ಯಾರೂ ಬರದೇ ಹೋದರೆ ಅವಳಿಗೆ ಏನು ಹೇಳಲಿ ಎಂದು ಎಂಟು ದಿನ ಒದ್ದಾಡಿದೆ.

ಆ ಎಂಟು ದಿನದೊಳಗೆ ಹುಮನಾಬಾದಿನವರು ಒಂದು ಭಾನುವಾರ ತಾವಾಗಿಯೇ ನನ್ನ ಅಂಗಡಿಗೆ ಬಂದರು. ಪ್ರಿಂಟರಿನ ನಳಿಕೆಗಳಲ್ಲಿದ್ದ ಹಳೆ ಇಂಕನ್ನೆಲ್ಲ ತೆಗೆದು, ತೊಳೆದು, ಕಂಪನಿ ಇಂಕು ತುಂಬಿಸಿಕೊಟ್ಟರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಮಾಡಿದರು, ಅವರ ಬೆರಳಿನ ನೀಲಿ ಕಲೆ ಸಾಬೂನಿಗೂ ಹೋಗಿರಲಿಲ್ಲ. ತಮ್ಮ ಗಿರಾಕಿಗಳನ್ನು ಕಿತ್ತುಕೊಂಡವನಿಗೆ ಅವರು ಇಷ್ಟೆಲ್ಲ ಮಾಡಿದರು.

ಮರುವಾರ ಹುಡುಗಿ ಪೇಢೆಯ ಪೊಟ್ಟಣ ಹಿಡಿದು ಬಂದಳು. ಮನ್ನಾಏಖೇಳ್ಳಿಯವರು ಬಂದು ಹೋಗಿದ್ದರು, ಮಾತು ಪಕ್ಕಾ ಆಗಿತ್ತು. ನನ್ನ ಅಹಂಕಾರ ಅಷ್ಟು ಬೇಗ ಸಾಯುವಂಥದ್ದಲ್ಲ, "ಫೋಟೋ ಹ್ಯಾಂಗ ಅನಿಸ್ತಂತ ಅವರಿಗೆ?" ಎಂದು ಕೇಳಿದೆ.

"ಫೋಟೋ ನೋಡೇ ಬಂದಿದ್ರು, ಬಂದ ಮ್ಯಾಲ ಅದನ್ನ ಹೊರಗ ತೆಗಿಲೇ ಇಲ್ರಿ ಕಾಕಾ" ಎಂದಳು. "ಹುಡುಗನ ಅವ್ವ ನನ್ನ ಮುಖ ನೋಡಿ ಮಾತಾಡಿದ್ಳು. ಈ ಜಂಪರ್ ನೀನೇ ಹೊಲದೀಯೇನು ಅಂತ ಕೇಳಿದ್ಳು."

ನಾನು ಕೊಟ್ಟ ಫೋಟೋ ಅವಳೆದುರು ಯಾರೂ ಹೊರತೆಗೆಯಲಿಲ್ಲವೆಂದು ಕೇಳಿ ನಾನು ಖುಷಿಪಟ್ಟದ್ದು ಈ ಕಸುಬಿನಲ್ಲಿ ಅದೊಂದೇ ಸಲ.