ಹಲ್ಲಿರಾಯರ ತಗಡು

ಕನ್ನಡಕದ ಅಂಗಡಿಯ ಯಜಮಾನರಿಗೆ ನಡುವಯಸ್ಸಿನಲ್ಲಿ ಹಾವು-ಹಲ್ಲಿಗಳನ್ನು ಹುಡುಕುವ ಹುಚ್ಚು ಹಿಡಿಯಿತು. ಊರಿಗೆಲ್ಲ ದೃಷ್ಟಿದಾನ ಮಾಡುವ ಈ ಮಹಾನುಭಾವರಿಗೆ ತಮ್ಮ ಮೂಗಿನ ಕೆಳಗಿನ ಓತಿಕ್ಯಾತ ಕಾಣುತ್ತಿರಲಿಲ್ಲ ಎಂಬುದು ಬೇರೆ ಮಾತು. ಮೊಣಕಾಲುದ್ದದ ಬೂಟು ಬಂತು, ಮೈಯೆಲ್ಲ ಜೇಬಿರುವ ಅಂಗಿ ಬಂತು, ತುದಿ ಬಾಗಿದ ಕಬ್ಬಿಣದ ಕೋಲು ಬಂತು. ಬಾರದೆ ಉಳಿದದ್ದು ಹಾವೊಂದೇ. ತಿಂಗಳುಗಟ್ಟಲೆ ನಡೆದ ದಂಡಯಾತ್ರೆಯಲ್ಲಿ ಅವರು ಜಯಿಸಿದ್ದು ಅಡುಗೆಮನೆಯ ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಯನ್ನು. ಅದೂ ಹೆಂಡತಿ ಬೆರಳಿಟ್ಟು ತೋರಿಸಿದ ಮೇಲೆ. ಡ್ರೈವಿಂಗ್ ಶಾಲೆ ನಡೆಸುವ ಭಾವಮೈದುನ ಅಂದೇ ಅವರಿಗೆ ಹಲ್ಲಿರಾಯರೆಂದು ನಾಮಕರಣ ಮಾಡಿದ.

ಊರಿನಲ್ಲಿ ಇದೇ ಹುಚ್ಚಿನ ಹವ್ಯಾಸಿಗಳ ಬಳಗವೊಂದಿತ್ತು, ಅದು ಕಾಡಿಗೆ ಹೊರಡುವುದಿತ್ತು. ಬಯಲಲ್ಲಿ ಬದುಕುವ ಒಂದಾದರೂ ಸರೀಸೃಪವನ್ನು ಸ್ವಂತ ಕಣ್ಣಿನಿಂದ ಪತ್ತೆಮಾಡಿ ಫೋಟೋ ತೆಗೆದವರಿಗೆ ಮಾತ್ರ ವ್ಯಾನಿನಲ್ಲಿ ಜಾಗ, ಮನೆಹಲ್ಲಿ ಲೆಕ್ಕಕ್ಕಿಲ್ಲ. ಹಲ್ಲಿರಾಯರೋ, ಗಿರಾಕಿಗಳ ಕಣ್ಣು ಪರೀಕ್ಷಿಸುತ್ತಲೇ ತಾವು ಕಾಡಿಗೆ ಹೊರಟಾಯಿತೆಂದು ಬೀದಿಗೆಲ್ಲ ಡಂಗುರ ಹೊಡೆದಿದ್ದರು. ಹೋಗದಿದ್ದರೆ ಅಂಗಡಿಯಲ್ಲಿ ತಲೆ ಎತ್ತುವಂತಿರಲಿಲ್ಲ.

ಬಳಗದ ಹಿರಿಯರೊಬ್ಬರು ಕನಿಕರಪಟ್ಟು ಉಪಾಯ ಹೇಳಿದರು. "ಹಿತ್ತಲಲ್ಲಿ ತಂಪಿರೋ ಕಡೆ ಒಂದು ಹಳೇ ತಗಡು ಹಾಸಿಬಿಡಿ. ಆಮೇಲೆ ಮರೆತುಬಿಡಿ. ತಾವಾಗೇ ಬಂದು ಸೇರ್ಕೊಳ್ತವೆ."

ಹಾಸುವುದು ಚೆನ್ನಾಗಿಯೇ ನಡೆಯಿತು. ಎಡವಟ್ಟಾದದ್ದು ಮರೆಯುವುದರಲ್ಲಿ. ಹಲ್ಲುಜ್ಜುವ ಮೊದಲೊಮ್ಮೆ, ಊಟಕ್ಕೆ ಬಂದಾಗೊಮ್ಮೆ, ಅಂಗಡಿ ಮುಚ್ಚಿ ಬಂದು ಮತ್ತೊಮ್ಮೆ ತಗಡು ಎತ್ತಿದರು. ಅಷ್ಟೇ ಆಗಿದ್ದರೆ ಯಾವುದಾದರೂ ಪೆದ್ದ ಪ್ರಾಣಿ ಸಿಕ್ಕಿಬೀಳುತ್ತಿತ್ತೇನೋ. ಆದರೆ ಕೊಳೆ ಕಂಡರೆ ಕೈ ಸುಮ್ಮನಿರದ ಕಸುಬು ಅವರದು. ಗಾಜು ಒರೆಸುವ ಮೆತ್ತನೆಯ ಬಟ್ಟೆ ತೆಗೆದು, 'ಹಾ' ಎಂದು ಉಸಿರು ಬಿಟ್ಟು, ತಗಡಿನ ಎರಡೂ ಮಗ್ಗುಲನ್ನು ಉಜ್ಜಿ ಉಜ್ಜಿ ಇಡುತ್ತಿದ್ದರು.

"ಕನ್ನಡಿ ಮಾಡಿಟ್ಟಿದ್ದೀರಲ್ಲ ಭಾವ, ಹಾವು ಬಂದು ತಲೆ ಬಾಚ್ಕೊಂಡು ಹೋಗ್ಲಿ ಅಂತಾನಾ?" ಎನ್ನುತ್ತ ಭಾವಮೈದುನ ತಗಡಿನ ಅಂಚಿಗೆ ಕೈ ಹಾಕಿದ.

"ಮುಟ್ಟಬೇಡ್ವೋ! ತಗಡು ಎತ್ತಿದವರೇ ಕಂಡವರು. ಅದು ಬಳಗದ ನಿಯಮ!" ಹಲ್ಲಿರಾಯರು ಗುಡುಗಿದರು.

ಎತ್ತಿ ಎತ್ತಿ ಕೊನೆಗೆ ಸೊಂಟ ಹಿಡಿದುಕೊಂಡಿತು. ವೀರರು ಹಾಸಿಗೆ ಸೇರಿದರು. ವಾರಗಳು ಕಳೆದವು. ತಗಡಿನ ಮೇಲೆ ಎಲೆ ಉದುರಿತು, ಧೂಳು ಕೂತಿತು, ನಲ್ಲಿ ಸೋರಿ ಅಡಿಯ ಮಣ್ಣು ತೇವವಾಯಿತು. ಅಂದರೆ, ತಗಡು ಮೊದಲ ಸಲ ತನ್ನ ಕೆಲಸ ಶುರುಮಾಡಿತು.

ವ್ಯಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ, ಬಟ್ಟೆ ಒಗೆಯುತ್ತಿದ್ದ ಹೆಂಡತಿಯ ಕೈಯಿಂದ ಸೋಪು ಜಾರಿ ತಗಡಿನಡಿ ನುಗ್ಗಿತು. ಆಕೆ ತಗಡು ಎತ್ತಿದಳು.

"ರೀ! ಬನ್ರೀ ಇಲ್ಲಿ! ಹಾವಿನ ಥರ ಮಿಂಚ್ತಾ ಇದೆ, ಕಾಲೂ ಇದೆ!"

ಸೊಂಟನೋವು ಎಲ್ಲಿ ಹೋಯಿತೋ! ಹಲ್ಲಿರಾಯರು ಕಿಟಕಿಗೆ ಹಾರಿದರು.

"ಹಾವುರಾಣಿ ಕಣೇ ಅದು! ಇಳಿಸು, ತಗಡು ಇಳಿಸು! ನಾನು ಎತ್ಬೇಕು!"

"ಅಯ್ಯೋ, ಎತ್ತಿ ಆಯ್ತಲ್ರೀ."

"ಯಾರೂ ನೋಡಿಲ್ಲ, ಇಳಿಸೇ!"

ಆಕೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು, ತಗಡನ್ನು ಮೆಲ್ಲಗೆ ಇಳಿಸಿದಳು. ಹಲ್ಲಿರಾಯರು ಬೂಟು ತೊಟ್ಟರು, ಜೇಬುಗಳ ಅಂಗಿ ತೊಟ್ಟರು, ಟೋಪಿ ಹುಡುಕಿದರು, ಕ್ಯಾಮೆರಾ ಒರೆಸಿದರು. ಕೋಲು ಹಿಡಿದು ಹಿತ್ತಲಿಗೆ ದಯಮಾಡಿಸಿ, ಉಸಿರು ಬಿಗಿಹಿಡಿದು ತಗಡು ಎತ್ತಿದರು.

ಕೆಳಗೆ ಸೋಪು ಇತ್ತು.

"ನಾನು ನೋಡಿದೆ ಭಾವ," ಎಂದಿತು ಕಾಂಪೌಂಡಿನ ಮೇಲಿಂದ ಒಂದು ತಲೆ. ಭಾವಮೈದುನನದೇ. "ಎತ್ತಿದೋಳು ನಮ್ಮಕ್ಕ. ನಿಯಮ ಅಂದ್ರೆ ನಿಯಮ."

ಫೋಟೋ ಬಳಗಕ್ಕೆ ಹೋಯಿತು. ಸಂಜೆಯೊಳಗೆ ಒಪ್ಪಿಗೆಯೂ ಬಂತು. ಮರುದಿನ ಹೆಂಡತಿ ಎರಡು ಜೊತೆ ಕಾಲುಚೀಲದ ಮೇಲೆ ಗಂಡನ ಬೂಟು ಏರಿಸಿ ವ್ಯಾನು ಹತ್ತಿದಳು. "ಅಂಗಡಿಗೆ ಹೊತ್ತಾಯ್ತು, ಹೊರಡ್ರೀ. ಆ ತಗಡನ್ನ ಮಾತ್ರ ಒರೆಸೋಕೆ ಹೋಗಬೇಡಿ."

ಅಂಗಡಿಯಲ್ಲಿ ಮೊದಲ ಗಿರಾಕಿಯೇ ಕೇಳಿದ, "ಏನ್ಸಾರ್, ಕಾಡಿಗೆ ಹೋಗ್ಲಿಲ್ವಾ?"

"ನಮ್ಮನೆಯವರು ಹೋಗಿದ್ದಾರೆ," ಎಂದರು ಹಲ್ಲಿರಾಯರು, ಮೊದಲೇ ಹೊಳೆಯುತ್ತಿದ್ದ ಗಾಜೊಂದನ್ನು ಉಜ್ಜುತ್ತ.